ಬಾದಶಾನ ಕಾವಲು

ಹುಮನಾಬಾದಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ವೈಜನಾಥನ ಹೆಂಡತಿ ಭಾಗಮ್ಮ ಸೋತ ಜಗಳ ಓಣಿಯಲ್ಲಿ ಯಾರಿಗೂ ನೆನಪಿಲ್ಲ. ತರಕಾರಿ ಗಾಡಿಯವನು ಅವಳ ಮನೆ ಬಂದ ಕೂಡಲೇ ಕೂಗುವುದನ್ನು ನಿಲ್ಲಿಸಿ ಗಾಡಿಯನ್ನು ಜೋರಾಗಿ ದೂಡುತ್ತಿದ್ದ. ಪಕ್ಕದ ಮನೆಯ ಖುರ್ಷೀದ್ ಬೇಗಂ ಮಾಳಿಗೆಯ ಮೇಲೆ ಬಟ್ಟೆ ಹರವುವ ಮುನ್ನ ಭಾಗಮ್ಮ ಹೊರಗಿದ್ದಾಳೋ ಎಂದು ಇಣುಕಿ ನೋಡುತ್ತಿದ್ದಳು. ಬಾಯಿ ಕೆಟ್ಟದ್ದು, ಮನಸ್ಸು ಒಳ್ಳೆಯದು ಎಂದು ಅವಳ ಪರವಾಗಿ ಹೇಳುವವರೂ ಇದ್ದಾರೆ. ಇರಲಿ. ಒಳ್ಳೆಯ ಮನಸ್ಸು ಇಟ್ಟುಕೊಂಡೇ ಮನುಷ್ಯರು ಎಷ್ಟು ಹಾಳು ಮಾಡಬಲ್ಲರು ಎಂಬುದಕ್ಕೆ ಅವಳನ್ನೇ ನೋಡಬೇಕು.

ಅವಳಿಗೆ ಒಬ್ಬಳೇ ಮಗಳು, ಶೀತಲ್. ಅವಳನ್ನು ಬಸವಕಲ್ಯಾಣದ ಗುರುಶಾಂತನಿಗೆ ಕೊಟ್ಟರು. ಮದುವೆಯ ದಿನವೇ ಗುರುಶಾಂತನ ತಾಯಿ ಕಸ್ತೂರಬಾಯಿ ತನಗೆ ಕೊಟ್ಟ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, "ಬಣ್ಣ ಜರಾ ಮಾಸ್ಯದ ಅಲ್ಲ?" ಎಂದಳು. ಭಾಗಮ್ಮ ಚಪ್ಪರದ ಕೆಳಗೇ, "ಉಡಾವರ ಮಾರಿ ನೋಡೇ ಆರಿಸಿ ತಂದೇವ್ರಿ" ಎಂದುಬಿಟ್ಟಳು. ಅಲ್ಲಿಂದ ಆ ಇಬ್ಬರು ಬೀಗತಿಯರ ನಡುವೆ ಎಣ್ಣೆ ಸೀಗೆಕಾಯಿ ಸಂಬಂಧ.

ಮಗಳು ಹೋದ ಮೇಲೆ ಮನೆ ಬಿಕೋ ಎನ್ನತೊಡಗಿತು. ಗಂಡ ಬೆಳಿಗ್ಗೆ ಅಂಗಡಿಗೆ ಹೋದರೆ ಬೈಯಲಿಕ್ಕೂ ಯಾರೂ ಇಲ್ಲ. ಆಗ ಹುಡಗಿ ಗ್ರಾಮದ ರೈತ ಲಾಲಪ್ಪ ಬೀಜ ಒಯ್ಯಲು ಬಂದವನು ಒಂದು ಕಂದುಬಣ್ಣದ ನಾಯಿಮರಿಯನ್ನು ಕೊಟ್ಟು ಹೋದ. ಭಾಗಮ್ಮ ಅದಕ್ಕೆ ಬಾದಶಾ ಎಂದು ಹೆಸರಿಟ್ಟಳು, ಹಾಗೆಯೇ ಸಾಕಿದಳು. ಬಿಸಿ ರೊಟ್ಟಿಗೆ ತುಪ್ಪ ಸವರಿ ಕೊಟ್ಟಳು. ಹಬ್ಬದ ದಿನ ಹೋಳಿಗೆಯ ಮೊದಲ ತುತ್ತು ಬಾದಶಾನಿಗೆ, ಎರಡನೆಯದು ದೇವರಿಗೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವಳು ಹೆರದೆಯೇ ಮುದ್ದು ಮಾಡಿದಳು.

ನಾಯಿ ಕೆಟ್ಟದ್ದೇನೂ ಆಗಿರಲಿಲ್ಲ. ಆದರೆ ಅದು ತಿನ್ನುವಾಗ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಒಮ್ಮೆ ವೈಜನಾಥ ಅದರ ಬೋಗುಣಿಯನ್ನು ಕಾಲಹಾದಿಯಿಂದ ಸರಿಸಲು ಹೋದ. ಬಾದಶಾ ಅವನ ಅಂಗೈಯಲ್ಲಿ ಹಲ್ಲೂರಿತು. ರಕ್ತ ಸುರಿಸುತ್ತ ನಿಂತ ಗಂಡನಿಗೆ ಭಾಗಮ್ಮ ಹೇಳಿದ್ದು ಇಷ್ಟು:

"ಉಣ್ಣಾಕತ್ತಾಗ ಕೈ ಹಾಕಿದ್ರ ಕಚ್ಚಲಾರದ ಮುದ್ದು ಕೊಡ್ತದೇನ್ರಿ? ತಪ್ಪು ನಿಮ್ದು."

ಇಂಥ ಹೆಂಡತಿಯ ಜೊತೆ ಬಾಳಿದ ವೈಜನಾಥನಿಗೆ ಮಾತು ಎಲ್ಲಿ ಉಳಿದಿರುತ್ತದೆ? ಒಬ್ಬನೇ ಹೋಗಿ ಸೂಜಿ ಹಾಕಿಸಿಕೊಂಡು ಬಂದ.

ಶೀತಲ್ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಆಪರೇಷನ್ ಆಗಿ ಹೆಣ್ಣುಕೂಸು ಹುಟ್ಟಿತು. ದವಾಖಾನೆಯಿಂದ ಮನೆಗೆ ಬಂದ ದಿನವೇ ಬಾದಶಾ ಬಾಣಂತಿಯ ಮಂಚದ ಕೆಳಗೆ ಹೋಗಿ ಮಲಗಿತು. ಶೀತಲ್ ಮೆಲ್ಲಗೆ, "ಅವ್ವ, ಅದನ್ನ ಜರಾ ಹೊರಗ ಕಟ್ಟಬಾರದೇನ?" ಎಂದಳು.

"ನೀನೂ ನಿಮ್ಮತ್ತಿ ಮಾತು ಕಲ್ತು ಬಂದೀಯೇನ? ಅದು ಕೂಸಿಗಿ ಕಾವಲು ಅದ."

ಹುಟ್ಟಿದಾಗಿನಿಂದ ಸುಮ್ಮನಾಗಿಯೇ ಆ ಮನೆಯಲ್ಲಿ ಬೆಳೆದವಳು ಶೀತಲ್. ಭಾಗಮ್ಮ ಅಷ್ಟಕ್ಕೇ ಬಿಡದೆ, ನಿದ್ದೆ ಮಾಡುವ ಕೂಸು ಮತ್ತು ಕೆಳಗೆ ಮಲಗಿದ ನಾಯಿ ಎರಡೂ ಕಾಣುವಂತೆ ಮೊಬೈಲಿನಲ್ಲಿ ವಿಡಿಯೋ ಮಾಡಿ ಬಂಧುಗಳ ವಾಟ್ಸಪ್ ಗುಂಪಿಗೆ ಹಾಕಿದಳು. ಕಸ್ತೂರಬಾಯಿಯೂ ಆ ಗುಂಪಿನಲ್ಲಿದ್ದಾಳೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹಾಕಿದ್ದು. ಬಸವಕಲ್ಯಾಣದಿಂದ ಕೂಡಲೇ ಫೋನು ಬಂತು.

"ಅಕ್ಕಾರ, ಹಸಿಗೂಸಿನ ಹತ್ರ ನಾಯಿ ಯಾಕ ಬಿಟ್ಟೀರಿ?"

"ನಮ್ಮ ಬಾದಶಾಗ ನಾಯಿ ಅನಬ್ಯಾಡ್ರಿ. ಎಷ್ಟೋ ಮಂದಿಕಿಂತ ಶಾಣ್ಯಾ ಅದ."

"ಶಾಣ್ಯಾ ಇದ್ರ ಸಾಲಿಗಿ ಕಳಸ್ರಿ. ನನ್ನ ಮೊಮ್ಮಗಳ ಹತ್ರ ಬ್ಯಾಡ."

"ಯಾಕ, ನನ್ನ ಮೊಮ್ಮಗಳಲ್ಲೇನು? ಹಡದಾಕಿ ನನ್ನ ಮಗಳ್ರಿ."

"ಐದನೇ ದಿನಕ್ಕ ನಾ ಬರಾಕಿ ಇದ್ದೀನಿ. ನಾಯಿ ಒಳಗ ಕಂಡ್ರ ಸೊಸಿ ಮತ್ತ ಕೂಸು ಇಬ್ಬರ್ನೂ ಕಲ್ಯಾಣಕ್ಕ ಕರ್ಕೊಂಡು ಹೋಗ್ತೀನಿ. ಆಮ್ಯಾಗ ಹ್ಯಾಂಗ ಬಾಣಂತನ ಮಾಡ್ತೀರೋ ಮಾಡ್ರಿ."

ಮಗಳನ್ನು ಮೂರು ತಿಂಗಳು ಮನೆಯಲ್ಲಿ ಇಟ್ಟುಕೊಂಡು ಎಣ್ಣೆ-ನೀರು ಎರೆದು, ಅಳವಿ ಬೀಜದ ಉಂಡೆ ತಿನ್ನಿಸಿ, ಕೂಸನ್ನು ಕಾಲಮೇಲೆ ಹಾಕಿಕೊಂಡು ಮೀಯಿಸಬೇಕೆಂದು ಭಾಗಮ್ಮ ಒಂಬತ್ತು ತಿಂಗಳು ಕನಸು ಕಂಡಿದ್ದಳು. ಆ ಕನಸನ್ನು ಬೀಗತಿ ಒಂದು ನಾಯಿಯ ನೆಪದಲ್ಲಿ ಕಿತ್ತುಕೊಳ್ಳುತ್ತೇನೆ ಎನ್ನುತ್ತಿದ್ದಾಳೆ. ಬುದ್ಧಿ ಇದ್ದವರಾದರೆ ನಾಯಿಯನ್ನು ಹಿತ್ತಲಿನಲ್ಲಿ ಕಟ್ಟಿ ಕನಸನ್ನು ಉಳಿಸಿಕೊಳ್ಳುತ್ತಿದ್ದರು. ಭಾಗಮ್ಮನಿಗೆ ಮಗಳೂ ಬೇಕು, ಬೀಗತಿಯ ಮೂಗೂ ಮುರಿಯಬೇಕು.

ಹುಟ್ಟಿದ ಐದನೆಯ ದಿನ ಸಟವಿ ತಾಯಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಎಂಬುದು ಈ ಕಡೆಯ ನಂಬಿಕೆ. ಭಾಗಮ್ಮನ ತವರು ಮುಡಬಿಯಲ್ಲಿ ಅದಕ್ಕೊಂದು ಕಟ್ಟಳೆ ಇತ್ತು. ದೀಪ ಹಚ್ಚುವ ಹೊತ್ತಿಗೆ ಕೂಸನ್ನು ನೆಲದ ಮೇಲೆ ಕೌದಿ ಹಾಸಿ ಮಲಗಿಸಬೇಕು, ತಲೆಯ ಬಳಿ ಸಟವಿಗೆ ಎಡೆ ಇಡಬೇಕು, ಹೆತ್ತ ತಾಯಿಯೂ ಸೇರಿ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿ ಬೆನ್ನು ತಿರುಗಿಸಿ ಕೂರಬೇಕು. ಬರೆಯುವಾಗ ಯಾರ ಕಣ್ಣೂ ಬೀಳಬಾರದು. ಕಸ್ತೂರಬಾಯಿಯ ಮನೆಯಲ್ಲಿ ಒಬ್ಬ ಹಿರಿಯಳು ಕೋಣೆಯಲ್ಲೇ ಗೋಡೆಗೆ ಮುಖ ಮಾಡಿ ಕೂರುವ ರೂಢಿ. ಹೇಳಿದಂತೆಯೇ ಐದನೆಯ ದಿನ ಬಂದಿಳಿದ ಅವಳು ಸಂಜೆ ಅದನ್ನೇ ಹೇಳಿದಳು:

"ಕೂಸಿನ್ನ ಒಂದನ್ನೇ ಬಿಡಬಾರದ್ರಿ. ನಾ ಒಳಗ ಗ್ವಾಡಿ ಕಡಿ ಮಾರಿ ಮಾಡಿ ಕೂಡ್ತೀನಿ."

"ನಿಮ್ಮ ಪದ್ಧತಿ ನಿಮ್ಮ ಮನ್ಯಾಗ. ಇದು ನನ್ನ ಮನಿ."

ಓಣಿಯ ನಾಲ್ಕಾರು ಹೆಂಗಸರು ಪಡಸಾಲೆಯಲ್ಲಿ ಕುಳಿತು ಕಿವಿ ನಿಮಿರಿಸಿದರು. ಕಸ್ತೂರಬಾಯಿ "ನಾಯಿ ಎಲ್ಲದ?" ಎಂದು ಮಾತ್ರ ಕೇಳಿದಳು. ಭಾಗಮ್ಮ ಅವಳನ್ನು ಹಿತ್ತಲಿಗೆ ಕರೆದೊಯ್ದು, ಕಂಬಕ್ಕೆ ಸರಪಳಿಯಲ್ಲಿ ಕಟ್ಟಿದ ಬಾದಶಾನನ್ನು ತೋರಿಸಿದಳು. ಕಸ್ತೂರಬಾಯಿ ತಾನು ಕಲ್ಯಾಣದಿಂದ ಮಾಡಿಕೊಂಡು ಬಂದಿದ್ದ ಹೋಳಿಗೆಗಳನ್ನು ತಟ್ಟೆಯಲ್ಲಿಟ್ಟು, ಮೇಲೆ ಧಾರಾಳವಾಗಿ ತುಪ್ಪ ಸುರಿದು, ಕೂಸಿನ ತಲೆದಿಂಬಿನ ಪಕ್ಕದಲ್ಲೇ ಇಟ್ಟಳು.

ಎಲ್ಲರೂ ಹೊರಬಂದರು. ಬಾಣಂತಿ ಕೋಣೆಗೆ ಎರಡು ಬಾಗಿಲು, ಪಡಸಾಲೆಗೊಂದು, ಹಿತ್ತಲಿಗೊಂದು. ಭಾಗಮ್ಮ ನೀರು ತರುವ ನೆಪ ಮಾಡಿ ಹಿತ್ತಲಿಗೆ ಹೋದಳು. ಸರಪಳಿ ಬಿಚ್ಚಿ ಬಾದಶಾನನ್ನು ಕೋಣೆಯೊಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಿಕೊಂಡಳು. ಅವಳ ಲೆಕ್ಕಾಚಾರ ಸರಳವಾಗಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದಾಗ ಕೂಸು ಹಾಯಾಗಿ ಮಲಗಿರುತ್ತದೆ, ಪಕ್ಕದಲ್ಲಿ ಬಾದಶಾ ಕಾಲು ಚಾಚಿ ಕುಳಿತಿರುತ್ತದೆ. ಇಡೀ ಓಣಿಯ ಮುಂದೆ ಬೀಗತಿಯ ಮುಖಕ್ಕೆ ಮಂಗಳಾರತಿ. ತಿನ್ನುವ ನಾಯಿಯ ಹತ್ತಿರ ಗಂಡನ ಕೈ ಏನಾಯಿತೆಂದು ಕಣ್ಣಾರೆ ಕಂಡವಳು, ತುಪ್ಪದ ಹೋಳಿಗೆ ಕಂಡರೆ ಆ ನಾಯಿ ಏನಾಗುತ್ತದೆಂದು ಬಲ್ಲವಳು, ಅದೊಂದನ್ನೂ ಆ ಹೊತ್ತಿನಲ್ಲಿ ನೆನೆಯಲಿಲ್ಲ. ಹಟ ಹಿಡಿದ ತಲೆಯೊಳಗೆ ಬೇರೆಯದಕ್ಕೆ ಜಾಗವೇ ಇರಲಿಲ್ಲ.

ಬಂದು ಬಾಗಿಲಿಗೆ ಬೆನ್ನು ಹಚ್ಚಿ ಕುಳಿತಳು. ಕೆಲ ಹೊತ್ತಿನಲ್ಲೇ ಒಳಗೆ ತಟ್ಟೆ ಸರಿದ ಸದ್ದು ಕೇಳಿಸಿತು. ಆಮೇಲೆ ಕೂಸು ಅತ್ತಿತು. ಕಸ್ತೂರಬಾಯಿ ಎದ್ದು ನಿಂತಳು. ಭಾಗಮ್ಮ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡವಾದಳು.

"ಸಟವಿ ಬರಿಯಾಕತ್ತಾಳ. ನಡುವ ಹೊಕ್ಕು ಬರಹ ಕೆಡಿಸಿದ್ರ ಜಿಮ್ಮೇದಾರಿ ನಿಮ್ದು ನೋಡ್ರಿ!"

ಕಸ್ತೂರಬಾಯಿಯೂ ನಂಬಿಕೆಯ ಹೆಂಗಸೇ. ಹಣೆಬರಹ ಕೆಡಿಸಿದವಳು ಎಂಬ ಮಾತು ತನ್ನ ಮೇಲೆ ಬಂದೀತೆಂದು ಹೆದರಿ ಒಂದು ಹೆಜ್ಜೆ ಹಿಂದೆ ಸರಿದಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದು ಗಾದೆ ಮಾಡಿದವರು ಇಂಥ ಬೀಗತಿಯರನ್ನು ಕಂಡಿರಲಿಲ್ಲ. ಒಂದು ಕದದ ಆಚೆ ಐದು ದಿನದ ಜೀವ ಕಿರುಚುತ್ತಿತ್ತು. ಈಚೆ ಎರಡು ಮುದಿ ಜೀವಗಳು ಮಾನದ ಲೆಕ್ಕ ಹಾಕುತ್ತಿದ್ದವು. ಆ ಓಣಿಯ ಹೆಂಗಸರಾದರೂ ಒಬ್ಬರು ಎದ್ದು ಕದ ನೂಕಬಾರದಿತ್ತೇ? ನೂಕಲಿಲ್ಲ. ಬೇರೆಯವರ ಮನೆಯ ಶಾಸ್ತ್ರ ಎಂದು ಸೆರಗು ಸರಿಮಾಡಿಕೊಂಡು ಕುಳಿತರು.

ಆಗ ಗುರ್ ಎನ್ನುವ ಸದ್ದು ಕೇಳಿತು. ಅದರ ಹಿಂದೆಯೇ ಕೂಸಿನ ಧ್ವನಿ ಬದಲಾಯಿತು.

"ಒಳಗ ನಾಯಿ ಅದಾ?" ಕಸ್ತೂರಬಾಯಿ ಚೀರಿದಳು.

ಶೀತಲ್ ಯಾರನ್ನೂ ಏನನ್ನೂ ಕೇಳಲಿಲ್ಲ. ಹೊಟ್ಟೆಯ ಹೊಲಿಗೆ ಇನ್ನೂ ಹಸಿಯಾಗಿದ್ದ ಆ ಬಾಣಂತಿ, ತನ್ನ ತಾಯಿಯ ರಟ್ಟೆ ಹಿಡಿದು ಬಾಗಿಲಿನಿಂದ ಎಳೆದು ನೆಲಕ್ಕೆ ಕೆಡವಿ ಒಳಗೆ ಓಡಿದಳು. ತಟ್ಟೆ ಮಗುಚಿತ್ತು. ಒಂದು ಹೋಳಿಗೆ ಜಾರಿ ಕೌದಿಯ ಮೇಲೆ, ಕೂಸಿನ ಕಿವಿಯ ಹತ್ತಿರವೇ ಬಿದ್ದಿತ್ತು. ಕೂಸು ಕೈ ಬಡಿದಿದೆ, ತಿನ್ನುತ್ತಿದ್ದ ನಾಯಿಯ ಮೂತಿಗೆ ಆ ಕೈ ತಾಗಿದೆ. ಎಡಗೆನ್ನೆ ಕಣ್ಣಿನ ಕೆಳಗಿನಿಂದ ಬಾಯಿಯವರೆಗೆ ಹರಿದಿತ್ತು. ಬಾದಶಾ ಮೂಲೆಯಲ್ಲಿ ನಿಂತು ಉಳಿದ ಹೋಳಿಗೆಯನ್ನು ಅಗಿಯುತ್ತಿತ್ತು.

ವೈಜನಾಥ ಅಂಗಡಿ ತೆರೆದೇ ಬಿಟ್ಟು ಓಡಿಬಂದ. ಆಟೋದಲ್ಲಿ ದವಾಖಾನೆಗೆ ಒಯ್ದರು. ಡಾಕ್ಟರಮ್ಮ ಗಾಯ ತೊಳೆದು, ಸುತ್ತಲೂ ಸೂಜಿ ಚುಚ್ಚಿ, ಹೊಲಿಗೆ ಹಾಕಲು ದೊಡ್ಡ ದವಾಖಾನೆಗೆ ಬರೆದುಕೊಟ್ಟಳು. ಕೂಸು ಕಿರುಚಿದಾಗಲೆಲ್ಲ ಶೀತಲ್ ಮೇಜಿನ ಅಂಚನ್ನು ಹಿಡಿದುಕೊಳ್ಳುತ್ತಿದ್ದಳು.

"ಯಾರ ನಾಯಿ?" ಎಂದು ಡಾಕ್ಟರಮ್ಮ ಕೇಳಿದಳು.

"ಮನೀದೇ ರಿ," ಎಂದಳು ಭಾಗಮ್ಮ. "ಭಾಳ ಸಭ್ಯ ಅದ. ಇವತ್ತಿನವರಿಗೂ ಯಾರಿಗೂ..."

"ಸುಳ್ಳು," ಎಂದ ವೈಜನಾಥ. ಹೆಂಡತಿಯ ಮಾತನ್ನು ನಾಲ್ಕು ಜನರ ಮುಂದೆ ಅವನು ತುಂಡರಿಸಿದ್ದು ಅದೇ ಮೊದಲ ಸಲ. "ನನಗ ಕಚ್ಚ್ಯದ ರಿ. ಆಕಿಗಿ ಗೊತ್ತದ."

"ಗೊತ್ತಿದ್ದೂ ಕೂಸಿನ ಹತ್ರ ಬಿಟ್ಟೀರಾ? ಮನೀ ನಾಯಿ ಅಂದ್ರ ಹಲ್ಲು ಇರಂಗಿಲ್ಲೇನ್ರಿ?" ಡಾಕ್ಟರಮ್ಮ ಸಿಟ್ಟಿನಿಂದ ಹೇಳಿ, "ಹೊರಗ ನಡೀರಿ ನೀವು" ಎಂದಳು.

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ಭಾಗಮ್ಮನದು. ಹೊರಗೆ ಬಂದು ಬೆಂಚಿನ ಮೇಲೆ ಕುಳಿತ ಬೀಗತಿಯನ್ನು ನೋಡಿದ್ದೇ, "ಹೋಳಿಗಿ ಕೂಸಿನ ತಲಿ ಹತ್ರ ಇಟ್ಟವರು ಯಾರು? ನೀವು ಇಡಲಾರದಿದ್ರ ಇದು ಆಗ್ತಿತ್ತೇನು?" ಎಂದಳು. ತಾನು ಹಿಂದೆ ಸರಿದ ಆ ಒಂದು ಹೆಜ್ಜೆ ಕಸ್ತೂರಬಾಯಿಯ ಬಾಯಿ ಕಟ್ಟಿತ್ತು.

ಶೀತಲ್ ತವರಿಗೆ ಮರಳಲಿಲ್ಲ. ದೊಡ್ಡ ದವಾಖಾನೆಯಿಂದ ನೇರವಾಗಿ ಅತ್ತೆಯ ಜೊತೆ ಬಸವಕಲ್ಯಾಣಕ್ಕೆ ಹೋದಳು. ಅಳವಿ ಉಂಡೆಗಳ ಡಬ್ಬಿ ಹುಮನಾಬಾದಿನ ಅಡುಗೆಮನೆಯಲ್ಲೇ ಉಳಿಯಿತು. ನಾಯಿಯನ್ನು ಕೆಲ ದಿನ ಕಟ್ಟಿ ನೋಡಿರೆಂದು ದವಾಖಾನೆಯಲ್ಲಿ ಹೇಳಿದ್ದರು. ಅದಕ್ಕೆ ರೋಗವೇನೂ ಇರಲಿಲ್ಲ. ರೋಗ ಬೇರೆ ಕಡೆ ಇತ್ತು. ಆ ದಿನಗಳು ಕಳೆದ ಮೇಲೆ ವೈಜನಾಥ ಹೆಂಡತಿಯನ್ನು ಕೇಳದೆ ಲಾಲಪ್ಪನನ್ನು ಕರೆಸಿ ಬಾದಶಾನನ್ನು ಹೊಲಕ್ಕೆ ಕಳಿಸಿಬಿಟ್ಟ. ನಾಯಿ ಟೆಂಪೋ ಹತ್ತಿದಾಗ ಭಾಗಮ್ಮ ಬಾಗಿಲಲ್ಲಿ ನಿಂತು ಗಳಗಳನೆ ಅತ್ತಳು. ಮೊಮ್ಮಗಳಿಗೆ ಅಳದವಳು ನಾಯಿಗೆ ಅತ್ತಳು ಎಂದು ಓಣಿ ಆಡಿಕೊಂಡಿತು. ಓಣಿಗೆ ಅಷ್ಟೇ ಗೊತ್ತು. ಕೂಸಿಗಾಗಿ ಅವಳು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅಳುತ್ತಿದ್ದಳು, ಗಂಡನಿಗೂ ಕೇಳಿಸದ ಹಾಗೆ. ಕೇಳಿಸಿದರೆ ತಪ್ಪು ಒಪ್ಪಿಕೊಂಡಂತಾಗುತ್ತದಲ್ಲ.

ತವರಿನಲ್ಲಿ ಆಗಬೇಕಿದ್ದ ತೊಟ್ಟಿಲ ಕಾರ್ಯ ಬಸವಕಲ್ಯಾಣದಲ್ಲಿ, ಗಾಯ ಮಾಯ್ದ ಮೇಲೆ, ಇಟ್ಟುಕೊಂಡರು. ಗುರುಶಾಂತ ಮಾವನಿಗೆ ಮಾತ್ರ ಫೋನು ಮಾಡಿ ಕರೆದ. ಭಾಗಮ್ಮ ಕರೆಯದೆಯೇ ಹೋದಳು. ಬೆಳ್ಳಿ ಉಡಿದಾರ, ಕುಂಚಿಗೆ, ಕಾಲ್ಗಡಗ ಎಲ್ಲ ಚೀಲದಲ್ಲಿ ತುಂಬಿಕೊಂಡು, ಯಾರು ಏನಂದರೆ ಏನನ್ನಬೇಕೆಂದು ಬಸ್ಸಿನಲ್ಲಿ ಕುಳಿತು ಮಾತು ಜೋಡಿಸಿಕೊಂಡು ಹೋದಳು. ಅಲ್ಲಿ ಯಾರೂ ಏನೂ ಅನ್ನಲಿಲ್ಲ. ಕಸ್ತೂರಬಾಯಿ, "ಬರ್ರಿ, ಕೂಡ್ರಿ" ಎಂದು ಚಹಾ ಕೊಟ್ಟಳು.

ಹೆಸರಿಡುವುದು ಮುಗಿಯಿತು. ಹೆಂಗಸರು ಊಟಕ್ಕೆ ಎದ್ದರು. ಒಳಕೋಣೆಯಲ್ಲಿ ಶೀತಲ್ ಒಬ್ಬಳೇ ಕೂಸಿನ ಜೊತೆ ಇದ್ದಳು. ಭಾಗಮ್ಮ ಹೋಗಿ ಎದುರು ಕುಳಿತು ಕೈ ಚಾಚಿದಳು. ಶೀತಲ್ ಕ್ಷಣ ತಡೆದು, ಕೂಸನ್ನು ಅವಳ ತೊಡೆಯ ಮೇಲೆ ಹಾಕಿದಳು. ಎಡಗೆನ್ನೆಯ ಮೇಲೆ ಗಾಯದ ಗೆರೆ ಇನ್ನೂ ಕೆಂಪಗಿತ್ತು. ಕೂಸು ಬಾಯಿ ತೆರೆದಾಗ ಎಡಗಡೆಯ ತುಟಿ ತುಸು ಮೇಲಕ್ಕೆ ಜಗ್ಗುತ್ತಿತ್ತು. ಭಾಗಮ್ಮ ಅದನ್ನು ನೋಡಿದಳು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತು ಒಂದೂ ಉಪಯೋಗಕ್ಕೆ ಬರಲಿಲ್ಲ.

ಕಸ್ತೂರಬಾಯಿ ಬಾಗಿಲಲ್ಲಿ ನಿಂತು, "ಶೀತಲ್, ನೀ ಉಣ್ಣಾಕ ಏಳವ್ವ. ನಿಮ್ಮವ್ವ ಅದಾರಲ್ಲ, ಕೂಸಿನ್ನ ನೋಡ್ಕೋತಾರ" ಎಂದಳು.

ಶೀತಲ್ ಅಲುಗಲಿಲ್ಲ.

"ಇಲ್ರಿ ಅತ್ತಿ. ಅವ್ವ ಒಬ್ಬಾಕಿ ಇದ್ದಲ್ಲಿ ನನ್ನ ಕೂಸಿನ್ನ ಬಿಡಾಂಗಿಲ್ಲ. ತಾಟು ಇಲ್ಲೇ ಕಳಸ್ರಿ."

ತಾಟು ಬಂತು. ಶೀತಲ್ ಒಂದು ಕೈಯನ್ನು ಕೂಸಿನ ಕಾಲ ಮೇಲಿಟ್ಟು, ಇನ್ನೊಂದು ಕೈಯಿಂದ ಉಂಡಳು. ಊಟ ಮುಗಿಯುವವರೆಗೂ ಅವಳು ತನ್ನ ತಾಯಿಯ ಮೇಲಿಂದ ಕಣ್ಣು ತೆಗೆಯಲಿಲ್ಲ.