ಅಜ್ಜನ ಪಾಲಿನ ಚಹಾ

ಗೋರಿಯ ಮೇಲೆ ಚಹಾದ ಕಪ್ಪಿಟ್ಟು ರೂತಮ್ಮ ಆಯಿ ಸತ್ತ ಗಂಡನನ್ನು ಬೈಯತೊಡಗಿದಳು. "ಏಳಪಾ ಇನ್ನ. ಇದ್ದಾಗೂ ಹಂಗ, ಹೊತ್ತು ನೆತ್ತಿಗಿ ಬಂದ್ರೂ ಹಾಸಿಗಿ ಬಿಡ್ತಿರಲಿಲ್ಲ."

ಅಂದು ಈಸ್ಟರ್. ಶಹಾಪುರದ ಕ್ರೈಸ್ತರ ಸ್ಮಶಾನದಲ್ಲಿ ಬೆಳಕು ಹರಿಯುವ ಮೊದಲೇ ಗೋರಿಗಳ ಮೇಲೆ ಮೇಣದಬತ್ತಿ ಹಚ್ಚಿ, ಸತ್ತ ಯೇಸು ಮೂರನೇ ದಿನ ಎದ್ದನೆಂದು ಎಲ್ಲರೂ ಹಾಡುತ್ತಿದ್ದರು. ನಾನು ಅವರ ಧರ್ಮದವಳಲ್ಲ. ಪಕ್ಕದ ಮನೆಯ ಈ ಮುದುಕಿಗೆ ಕಲ್ಲುದಾರಿಯಲ್ಲಿ ಕೈ ಹಿಡಿಯಲು ಬಂದಿದ್ದೆ. ಬಿ.ಎ. ಕೊನೆಯ ವರ್ಷದ ಅರ್ಥಶಾಸ್ತ್ರದಲ್ಲಿ ಎರಡನೇ ಸಲ ಫೇಲಾಗಿದ್ದೆ. ಪರೀಕ್ಷೆಯ ಸಹವಾಸವೇ ಬೇಡ, ಅವ್ವನ ಜೊತೆ ಕೂಲಿಗೆ ಹೋಗುತ್ತೇನೆಂದು ಹಿಂದಿನ ದಿನವಷ್ಟೇ ಆಯಿಗೆ ಹೇಳಿದ್ದೆ.

ಹಾಡು ಮುಗಿಯಿತು. ಅಜ್ಜ ಏಳಲಿಲ್ಲ. ಆಯಿ ಅದೇ ಕಪ್ಪನ್ನು ನನ್ನ ಮುಂದೆ ಹಿಡಿದಳು. "ಕುಡಿ, ಆರತೈತಿ."

ಸ್ಮಶಾನಕ್ಕೆ ಹೋಗಿ ಬಂದರೆ ಮೈ ತೊಳೆಯದೆ ನೀರೂ ಮುಟ್ಟದ ಮನೆ ನಮ್ಮದು. ಹಿಂಜರಿದೆ.

"ಸತ್ತಾವ ಏಳ್ತಾನಂತ ನಾ ವರ್ಷಾ ವರ್ಷಾ ಚಾ ಕಾಸ್ಕೊಂಡ್ ಬರ್ತೀನಿ. ನೀ ಜೀವಂತ ಅದಿ. ಒಂದ್ ಪೇಪರ್ ಬರ್ಯಾಕ ನಿನಗೇನ್ ಧಾಡಿ?"

ಕುಡಿದೆ. ಸಕ್ಕರೆ ವಿಪರೀತ. ಅಜ್ಜನಿಗೆ ಹಾಗೇ ಬೇಕಿತ್ತಂತೆ.

ಯೇಸುವಿಗೆ ಮೂರು ದಿನ ಸಾಕಾಯಿತು, ನನಗೆ ಮೂರು ಪರೀಕ್ಷೆ ಬೇಕಾದವು. ಆದರೂ ನಮ್ಮ ಮನೆತನದ ಮೊದಲ ಪದವೀಧರೆ ನಾನೇ. ಈಗ ಪ್ರತಿ ಈಸ್ಟರ್‌ಗೆ ಚಹಾದ ಥರ್ಮಾಸ್ ಹೊರುವುದು ನನ್ನ ಕೆಲಸ. ಅಜ್ಜ ಇನ್ನೂ ಎದ್ದಿಲ್ಲ. ಅವನ ಪಾಲು ನಾನೇ ಕುಡಿಯುತ್ತೇನೆ.