ರೇಷ್ಮೆ ಮುಟ್ಟದ ದರ್ಜಿ

ನನ್ನ ದೊಡ್ಡಪ್ಪ ಊರಿಗೇ ದೊಡ್ಡ ದರ್ಜಿ ಎಂದು ಹೆಸರಾಗಿದ್ದ. ಹಾಗೆ ಅನ್ನುತ್ತಿದ್ದವನು ಹೆಚ್ಚಾಗಿ ಅವನೇ. ಸುಡುಬೇಸಿಗೆಯಲ್ಲೂ ಮಣಿಕಟ್ಟಿನವರೆಗೆ ಗುಂಡಿ ಹಾಕಿದ ತುಂಬುತೋಳಿನ ಅಂಗಿ. ಕೇಳಿದರೆ ಕಸುಬಿನ ಗತ್ತಂತೆ! ಗಿರಾಕಿ ರೇಷ್ಮೆ ತಂದರೆ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದು, “ನೀನೇ ಸವರಿ ನೋಡಮ್ಮ” ಎಂದು ಹೊಲಿಗೆಯವಳನ್ನು ಮುಂದೆ ಬಿಡುತ್ತಿದ್ದ. ಬಟ್ಟೆ ಸವರದ ದರ್ಜಿಯನ್ನು ನಾನು ಇವನೊಬ್ಬನನ್ನೇ ಕಂಡದ್ದು.

ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು ನಾನು. ಹುಟ್ಟಿನಿಂದ ನನ್ನ ಮೈ ಒಣಗಿ ಹುರುಪೆ ಏಳುತ್ತದೆ, ಅಪ್ಪನಂತೆಯೇ. ದೊಡ್ಡಪ್ಪ ನನಗಿಟ್ಟ ಹೆಸರು ‘ಹೊಟ್ಟು’. “ಉಜ್ಜಿ ಸ್ನಾನ ಮಾಡಲ್ಲ, ಅದಕ್ಕೇ ಹೀಗೆ. ಅವಳಮ್ಮನ ಕಡೆಯಿಂದ ಬಂದಿರೋದು. ನಮ್ಮ ವಂಶದಲ್ಲಿ ಇಂಥದ್ದಿಲ್ಲ” ಎಂದು ಗಿರಾಕಿಗಳ ಮುಂದೆಯೇ ಬಾಯಿ ಬಡಿದುಕೊಳ್ಳುವನು. ಹಾಗಾದರೆ ಅಪ್ಪ? ಅವನದು ಬಿಸಿಲಿನ ಕಾಟವಂತೆ. ಥೂ, ಎಂಥ ಬುರುಡೆ!

ಆಮೇಲೆ ಅವನ ಮೊಮ್ಮಗುವಿಗೂ ಹುರುಪೆ ಎದ್ದಿತು. ಈ ಮಹಾಶಯ ಮಗಳಿಗೆ ಹೇಳಿದ ಮದ್ದು ಸೋಪು ಮತ್ತು ಒರಟು ಬಟ್ಟೆ. ಅವಳು ಗಸಗಸ ಉಜ್ಜಿದಳು. ಮಗುವಿನ ಕಾಲು ಬಿರಿದು ರಕ್ತ ಜಿನುಗಿತು. ಅಳುವ ಮಗುವನ್ನು ಎತ್ತಿಕೊಂಡು ಅಂಗಡಿಗೇ ಓಡಿ ಬಂದಳು.

“ಚರ್ಮದ ಡಾಕ್ಟರಿಗೆ ತೋರ್ಸೇ. ಅಲ್ಲೀವರೆಗೂ ಉಜ್ಜಬೇಡ” ಎಂದೆ.

“ಹೊಟ್ಟಿನ ಮಾತು ಕೇಳಿ ನನ್ನ ಮೊಮ್ಮಗೂಗೆ ರೋಗದ ಪಟ್ಟ ಕಟ್ತೀಯಾ? ಇನ್ನೂ ಚೆನ್ನಾಗಿ ಉಜ್ಜು!” ಎಂದು ದೊಡ್ಡಪ್ಪ ಗದರಿದ.

ನನ್ನನ್ನು ಏನಂದರೂ ನುಂಗಿಕೊಂಡಿದ್ದೆ. ಮಗು ಕೆರೆದು ಕೆರೆದು ಚೀರುತ್ತಿತ್ತು, ತಡೆಯಲಾಗಲಿಲ್ಲ. ಮೇಜಿನ ಮೇಲಿದ್ದ ರೇಷ್ಮೆಯ ತುಂಡನ್ನು ಅವನ ಅಂಗೈಮೇಲೆ ಹಾಕಿ ಎಳೆದೆ.

“ನೀವೇ ಸವರಿ ನೋಡಿ, ದೊಡ್ಡಪ್ಪ.”

ಅಂಗೈಯ ಬಿರುಕಿಗೆ ಸಿಕ್ಕಿ ರೇಷ್ಮೆಯ ಎಳೆ ಕಿತ್ತು ಬಂತು. ಮಗಳು ಅವನ ಅಂಗಿತೋಳಿನ ಗುಂಡಿ ಬಿಚ್ಚಿ ಮೇಲಕ್ಕೆ ಸರಿಸಿದಳು. ಒಳಗೆ ನನ್ನದೇ ಚರ್ಮ.

“ಅಕ್ಕಾ, ಏನ್ ಮಾಡ್ಬೇಕು ತೋರ್ಸು” ಎಂದಳು.

ಅಂಗಡಿಯ ಹಿಂದಿನ ಬಚ್ಚಲಲ್ಲಿ ಉಗುರುಬೆಚ್ಚಗಿನ ನೀರಲ್ಲಿ ಮಗುವನ್ನು ಕೂರಿಸಿದೆವು. ಉಜ್ಜದೆ, ಮೆತ್ತನೆ ಬಟ್ಟೆಯಿಂದ ಒತ್ತಿ ಒತ್ತಿ ನೀರು ತೆಗೆದು, ಮೈ ಇನ್ನೂ ಹಸಿಯಿರುವಾಗಲೇ ಡಾಕ್ಟರು ನನಗೆ ಹೇಳಿದ್ದ ವಾಸನೆಯಿಲ್ಲದ ಮುಲಾಮು ಸವರಿದೆ. ಕೆರೆತ ನಿಂತು ಮಗು ನನ್ನ ಹೆಗಲ ಮೇಲೆಯೇ ನಿದ್ದೆಹೋಯಿತು.

ದೊಡ್ಡಪ್ಪ ಮುಲಾಮಿನ ಡಬ್ಬಿಯನ್ನೇ ನೋಡುತ್ತಿದ್ದ. ಕೊನೆಗೆ ಕೈ ಚಾಚಿದ.

“ನಂಗೂ ಒಂಚೂರು...”

“ಮೊದ್ಲು ಕೈ ಒದ್ದೆ ಮಾಡ್ಕೊಂಡು ಬನ್ನಿ. ಉಜ್ಜಬೇಡಿ ಮತ್ತೆ” ಎಂದೆ. “ನಮ್ಮ ವಂಶದ ಚರ್ಮ, ಉರಿಯುತ್ತೆ.”