ಎಡಗೈಯ ಲಗ್ನ

ತೆರೆಯ ಮೇಲೆ ಮದುಮಗ ಎಡಗೈಯಿಂದ ಮದುಮಗಳ ಹಣೆಗೆ ಕುಂಕುಮ ಹಚ್ಚಿದ. ಹಿರಿಯರೆಲ್ಲ ಎಡಗೈಯಿಂದಲೇ ಅಕ್ಷತೆ ಹಾಕಿದರು. ನನ್ನ ಪಕ್ಕದಲ್ಲಿದ್ದ ಅತ್ತೆ ಧಡಕ್ಕನೆ ಎದ್ದು ಕೂಗಿದರು: “ಏ, ನಿಲ್ಲಸ್ರಿ! ಈ ಲಗ್ನ ನಡ್ಯಾಂಗಿಲ್ಲ!”

ಗೋಕಾಕಿಗೆ ಡೇರೆ ಸಿನಿಮಾ ಬಂದಿತ್ತು. ಚಿತ್ರಗಳಿಗೆ ಇನ್ನೂ ಮಾತು ಬಂದಿರದ ಕಾಲ. ನಾನು ಹತ್ತಿರದ ಕೊಣ್ಣೂರಿಗೆ ಸೊಸೆಯಾಗಿ ಬಂದು ಮೂರು ತಿಂಗಳಾಗಿತ್ತು. ಡೇರೆಯ ನಡುವೆ ಬಿಳಿ ಬಟ್ಟೆಯ ತೆರೆ ಕಟ್ಟಿ, ಗಂಡಸರನ್ನು ಅದರ ಮುಂದೆ, ನಮ್ಮನ್ನು ಹಿಂದೆ ಕೂರಿಸಿದ್ದರು.

ಅತ್ತೆಯ ಜೊತೆ ಉಳಿದ ಹೆಂಗಸರೂ ಎದ್ದರು. ಯಂತ್ರ ನಿಂತಿತು. ಡೇರೆಯ ಮಾಲೀಕರು ಕಂದೀಲು ಹಿಡಿದು ಓಡಿಬಂದರು.

“ಅವ್ವಾರ, ಅಂವ ಬಲಗೈಲೇ ಹಚ್ಯಾನ್ರಿ. ನೀವು ಹಿಂದ ಕುಂತೀರಿ, ಅದಕ್ಕ ಉಲ್ಟಾ ಕಾಣಾಕತ್ತೈತಿ.”

“ಹಂಗಾರ ನಮ್ಮನ್ನ ಮುಂದ ಕುಂದರ್ಸಿ, ಲಗ್ನ ಮತ್ತೊಮ್ಮೆ ಮಾಡಸ್ರಿ. ಅಲ್ಲೀಮಟ ಆ ಹುಡುಗೀನ ಗಂಡನ ಮನಿಗೆ ಕಳಸಾಕ ನಾವು ಬಿಡಂಗಿಲ್ಲ.”

ಬೇರೆ ದಾರಿ ಇರಲಿಲ್ಲ. ಗೊಣಗುತ್ತ ಗಂಡಸರು ಹಿಂದೆ ಹೋದರು, ನಾವು ಮುಂದೆ ಬಂದೆವು. ಸುರುಳಿಯನ್ನು ಮರಳಿ ಸುತ್ತಿ ಲಗ್ನ ತೋರಿಸಿದರು. ಈ ಸಲ ಬಲಗೈ! ಹೆಂಗಸರು ಮುಡಿಯ ಹೂ ಕಿತ್ತು ತೆರೆಯತ್ತ ಎಸೆದರು. ಅಷ್ಟರಲ್ಲಿ ಹಿಂದಿನಿಂದ ನನ್ನ ಮಾವನವರ ದನಿ ಕೇಳಿತು: “ಅಯ್ಯ, ಖರೇನ ಎಡಗೈ ಐತಲ್ಲೋ!”

ಅಲ್ಲಿಯವರೆಗೆ ನನಗೆ ಅತ್ತೆಯೆಂದರೆ ಹೆದರಿಕೆ. ಊರಿಗೆ ಮರಳುವಾಗ ಚಕ್ಕಡಿಯಲ್ಲಿ ಅವರಿಗೆ ಒತ್ತಿಕೊಂಡೇ ಕುಳಿತೆ. ಬಟ್ಟೆಯ ಮೇಲಿನ ಹುಡುಗಿಗಾಗಿ ಅಷ್ಟು ಜಗಳಾಡಿದವರು ನನ್ನನ್ನು ಬಿಟ್ಟುಕೊಡಲಾರರು ಎನಿಸಿತ್ತು.